ಸುಮ್ನಿದ್ದರೆ ಒಪ್ಪಿದ ಹಾಗಾ?

ನಮ್ಮ ಕಾಫಿ ತೋಟದ ಕೆಳಗೆ, ತೋಡಿನ ಹತ್ತಿರ ಒಂದು ಹಾಲುವಾಣ ಮರ ಇದೆ. ನಾನು ಶಾಲೆಗೆ ಹೋಗುವಾಗ ಪಕ್ಕದ ತೋಟದವರ ಬೇಲಿ ಆ ಮರದ ಆಚೆ ಇತ್ತು. ಈಗ ಈಚೆ ಇದೆ. ಮರವಂತೂ ನಡೆದು ಹೋಗಿಲ್ಲ ಅಲ್ವಾ? ಮಳೆಗಾಲದಲ್ಲಿ ಕಂಬ ಬೀಳುತ್ತಿತ್ತು, ಮತ್ತೆ ನೆಡುವಾಗ ಒಂದಡಿ ಈಚೆ ಬರುತ್ತಿತ್ತು. ಅಪ್ಪ ನೋಡಿಯೂ ಸುಮ್ಮನಿದ್ದರು. "ಬೆಳಗಾದರೆ ಮುಖ ನೋಡಬೇಕಾದವರು" ಅನ್ನುತ್ತಿದ್ದರು. ಮೊನ್ನೆ ನಾನು ಕೇಳಿದ್ದಕ್ಕೆ ಬಂದ ಉತ್ತರ: "ನಿಮ್ಮಪ್ಪ ಇದ್ದಾಗ ಒಂದು ಮಾತೂ ಆಡಿರಲಿಲ್ಲವಲ್ಲ."

ಇಂಥದ್ದೇ ಮಾತಿಗೆ ಥಾಯ್ಲೆಂಡ್ ಒಂದು ದೇವಸ್ಥಾನ ಕಳೆದುಕೊಂಡಿದೆ. ಪ್ರೀಯ ವಿಹಾರ್, ಥಾಯ್ಲೆಂಡ್-ಕಾಂಬೋಡಿಯಾ ಗಡಿಯ ಬೆಟ್ಟದ ತುದಿಯ ಹಳೇ ಶಿವನ ಗುಡಿ. ಸಯಾಂ (ಥಾಯ್ಲೆಂಡಿನ ಆಗಿನ ಹೆಸರು) ಮತ್ತು ಆಗ ಕಾಂಬೋಡಿಯಾ ಆಳುತ್ತಿದ್ದ ಫ್ರೆಂಚರ ನಡುವಿನ 1904ರ ಒಪ್ಪಂದದಲ್ಲಿ ಮಳೆನೀರು ಎರಡು ಕಡೆಗೆ ಇಳಿಯುವ ಏಣೇ ಗಡಿ ಅಂತಿತ್ತು. 1907ರಲ್ಲಿ ಫ್ರೆಂಚರು ಮಾಡಿದ ನಕ್ಷೆ ಮಾತ್ರ ಗುಡಿಯನ್ನು ಕಾಂಬೋಡಿಯಾ ಕಡೆ ತೋರಿಸಿತು. ಸಯಾಂ ತಕರಾರು ಮಾಡೋದು ಬಿಟ್ಟು ಇನ್ನಷ್ಟು ಪ್ರತಿ ಕೇಳಿತು! 1930ರಲ್ಲಿ ಸಯಾಂನ ರಾಜಕುಮಾರ ದಾಮ್ರೊಂಗ್ ಅಲ್ಲಿಗೆ ಹೋದಾಗ ಫ್ರೆಂಚ್ ಬಾವುಟ ಹಾರುತ್ತಿತ್ತು, ಫ್ರೆಂಚ್ ಅಧಿಕಾರಿಯೇ ಬರಮಾಡಿಕೊಂಡ. ಊರಿಗೆ ಮರಳಿದ ರಾಜಕುಮಾರ ಅವನಿಗೆ ಫೋಟೋಗಳನ್ನು ಕಳಿಸಿದರು. ಅಪ್ಪನೂ ಹಾಗೇ ಮಾಡುತ್ತಿದ್ದರೇನೋ. 1962ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 9-3ರ ಬಹುಮತದಲ್ಲಿ ಗುಡಿ ಕಾಂಬೋಡಿಯಾದ್ದು ಅಂದಿತು. ಇಷ್ಟು ವರ್ಷ ಸುಮ್ಮನಿದ್ದದ್ದು ಒಪ್ಪಿಗೆಯ ಲೆಕ್ಕಕ್ಕೆ ಸೇರಿತು.

ಎಲ್ಲ ಮೌನವೂ ಒಪ್ಪಿಗೆ ಅಲ್ಲ ಬಿಡಿ. ವಿಷಯ ಗೊತ್ತಿರಬೇಕು, ಮಾತಾಡಲೇಬೇಕಾದ ಸಂದರ್ಭ ಇರಬೇಕು, ಮಾತಾಡೋಕೆ ಆಗುವಂತಿರಬೇಕು. ನನ್ನ ಜಗಳ ಈ ಕೊನೆಯದರ ಜೊತೆ. 1893ರಲ್ಲಿ ಫ್ರೆಂಚ್ ಯುದ್ಧನೌಕೆಗಳು ಬ್ಯಾಂಕಾಕ್‌ವರೆಗೆ ನುಗ್ಗಿದ್ದವು. ಅದನ್ನು ಕಂಡವರಿಗೆ ನಕ್ಷೆ ತಪ್ಪು ಅನ್ನೋಕೆ ಬಾಯಿ ಬರುತ್ತಿತ್ತಾ? ಹೆದರಿ ಸುಮ್ಮನಾದವರನ್ನೂ ಒಪ್ಪಿ ಸುಮ್ಮನಾದವರನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನನಗಂತೂ ಸರಿ ಕಾಣಲಿಲ್ಲ.

ಖಾಸಗಿ ಜಮೀನಿಗಾದರೆ ನಮ್ಮಲ್ಲಿ 12 ವರ್ಷ ಅಂತ ಒಂದು ಲೆಕ್ಕ ಇದೆ: ಇನ್ನೊಬ್ಬರು ತಮ್ಮದೆಂದು ಅಷ್ಟು ವರ್ಷ ಅನುಭವಿಸಿಯೂ ಮಾಲೀಕ ಸುಮ್ಮನಿದ್ದರೆ ಅವನ ಹಕ್ಕು ಹೋಗಬಹುದು. ದೇಶಗಳಿಗೆ ಅದೂ ಇಲ್ಲ. ಹಾಗಾಗಿ 2023ರ ಆಗಸ್ಟ್‌ನಲ್ಲಿ ಚೀನಾ ಅರುಣಾಚಲವನ್ನು ಸೇರಿಸಿಕೊಂಡು ನಕ್ಷೆ ಬಿಟ್ಟಾಗ ಭಾರತ ಪ್ರತಿಭಟನೆ ಸಲ್ಲಿಸಿದ್ದಕ್ಕೆ "ಬರೀ ಖಂಡಿಸೋದೇ ಆಯ್ತು" ಅಂತ ನಗೋರ ಜೊತೆ ನಾನಿಲ್ಲ. ಆ ಒಂದು ಕಾಗದ ಇದ್ದರೆ ನಾಳೆ ಯಾರೂ "ಆಗ ಸುಮ್ಮನಿದ್ದಿರಲ್ಲ" ಅನ್ನೋ ಹಾಗಿಲ್ಲ.

ನಾನೂ ಬೇಲಿ ಬಗ್ಗೆ ನಾಲ್ಕು ಸಾಲು ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಫೋನ್ ಬಂತು: "ಪಕ್ಕದಲ್ಲೇ ಇದ್ದು ಪೋಸ್ಟ್ ಯಾಕಪ್ಪಾ? ಕಾಫಿಗೆ ಬಾ." ಹೋದೆ, ಕುಡಿದೆ. ಕರಿಮೆಣಸಿನ ರೇಟು ಮಾತಾಡಿದೆವು, ಬೇಲಿಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಕಾಗದ ತಲುಪಿದ್ದಕ್ಕೆ ಅವರು ಸಹಿ ಹಾಕಿದ ಸ್ವೀಕೃತಿ ಕಾರ್ಡು ನನ್ನ ಫೈಲಿನಲ್ಲಿದೆ.