ನಾನು ಲೆಕ್ಕ ಬಚ್ಚಿಟ್ಟಿರಲಿಲ್ಲ, ಪರದೆ ಕಪ್ಪಾಗಿತ್ತು

ಕಂಬಳಿ ತಂದುಕೊಟ್ಟವರು ಯಾರೆಂದು ನನಗೆ ಗೊತ್ತು. ನಕ್ಕವರು ಯಾರೆಂದೂ ಗೊತ್ತು. ನಗದೆ ಕುಳಿತಿದ್ದವರು ಇಬ್ಬರೇ: ಕಿವಿ ಕೇಳಿಸದ ದೊಡ್ಡಮ್ಮ ಒಬ್ಬರು, ಗೋಡೆಗೆ ಒರಗಿ ನಿದ್ದೆ ಹೋಗಿದ್ದ ಕೆಳಮನೆ ಚಿಕ್ಕಪ್ಪ ಇನ್ನೊಬ್ಬರು. ನೀರಿನ ಸಂಘದ ಲೆಕ್ಕ ಓದಲು ಕುಳಿತ ಆ ಭಾನುವಾರ ಕಳೆದು ಇಂದಿಗೆ ನಾಲ್ಕು ದಿನ. ಒಲೆಯ ಮೇಲೆ ಹಾಲಿಟ್ಟು ನಿಂತರೂ ಅದೇ ನೆನಪು. ಎರಡು ಸಲ ಹಾಲು ಉಕ್ಕಿ ಹೋಯಿತು. ಅದನ್ನೂ ಸಂಘದ ಖರ್ಚಿಗೆ ಬರೆದುಕೊಳ್ಳಲೇ?

ಲೆಕ್ಕ ಸರಿಯಾಗಿತ್ತು. ಈಗಲೂ ಸರಿಯಾಗಿದೆ. ಕಪ್ಪು ಪೈಪಿಗೆ ಎಷ್ಟು, ವಾಲ್ವಿಗೆ ಎಷ್ಟು, ನಮಗೆ ನೀರು ಬರುವ ಅಬ್ಬಿಯ (ಝರಿಯ) ಬಾಯಿಗೆ ಕಟ್ಟಿದ ಜಾಲರಿಗೆ ಎಷ್ಟು, ಕಾಟಿ (ಕಾಡುಕೋಣ) ತುಳಿದು ಒಡೆದ ಕಡೆ ಜೋಡಿಸಿದವರ ಕೂಲಿ ಎಷ್ಟು, ಎಲ್ಲವೂ ಇದೆ. ಚಹಾಕ್ಕೆ ತಂದ ಸಕ್ಕರೆ ಕೂಡ ಇದೆ. ಬರೆದದ್ದನ್ನು ತೋರಿಸಲು ಆಗಲಿಲ್ಲ, ಅಷ್ಟೇ. ತೋರಿಸಲು ಆಗದಿರುವುದಕ್ಕೂ ತೋರಿಸದಿರುವುದಕ್ಕೂ ಇರುವ ವ್ಯತ್ಯಾಸ ಇಡೀ ಜಗಲಿಯಲ್ಲಿ ಒಬ್ಬರಿಗೂ ತಿಳಿಯಲಿಲ್ಲವೇ?

ಮೊದಲು ನಾನು ಪುಸ್ತಕದಲ್ಲೇ ಬರೆಯುತ್ತಿದ್ದೆ. ಮಳೆಗಾಲಕ್ಕೆ ಬೂಸಲು ಹಿಡಿಯುತ್ತಿತ್ತು, ನಿಜ. ಒರೆಸಿಕೊಂಡು ಓದುತ್ತಿದ್ದೆವು. 'ಕಂಪ್ಯೂಟರಿನಲ್ಲಿ ಬರೆಯಿರಿ, ಲೆಕ್ಕ ಪಾರದರ್ಶಕವಾಗಿರಲಿ' ಎಂದು ಹಟ ಹಿಡಿದವರೇ ಮೇಲಿನಮನೆ ಭಾವ. ಪಾರದರ್ಶಕ! ಆ ಪದವನ್ನು ಅವರು ಎರಡು ಸಲ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಮಗಳು ಓದುವಾಗ 2012ರಲ್ಲಿ ಕೊಂಡಿದ್ದ ಲ್ಯಾಪ್‌ಟಾಪ್ ಅಟ್ಟದ ಮೇಲಿತ್ತು. ಇಳಿಸಿ ಒರೆಸಿದೆ. ಥಂಡಿಗೆ ಅದರ ಅರ್ಧ ಕೀಲಿಗಳು ಸತ್ತಿದ್ದವು. ಹೊರಗಿನಿಂದ ಒಂದು ಕೀಬೋರ್ಡ್ ತಂದು ಸಿಕ್ಕಿಸಿದೆ. ಬ್ಯಾಟರಿಗೆ ಜೀವವಿಲ್ಲದ ಕಾರಣ ಯಾವಾಗಲೂ ಚಾರ್ಜರ್ ಹಾಕಿಯೇ ಇಡುತ್ತೇನೆ. ಹಸುವಿಗೆ ಹಗ್ಗ ಇದ್ದ ಹಾಗೆ ಅದಕ್ಕೆ ಆ ವೈರು.

ಭಾನುವಾರ ಆಶ್ಲೇಷ ಮಳೆ ಹೊಳವಾಗಿತ್ತು. ಎಂಟು ದಿನದಿಂದ ಕಾಣದ ಬಿಸಿಲು ಅಂಗಳಕ್ಕೆ ಬಿದ್ದಿತ್ತು. ಸಭೆ ಮೇಲಿನಮನೆಯ ಜಗಲಿಯಲ್ಲಿ. ನಾನು ಗೋಡೆಯ ಕಡೆ ಮುಖ ಮಾಡಿ, ಅಂಗಳಕ್ಕೆ ಬೆನ್ನು ಹಾಕಿ, ಟೀಪಾಯಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಓದುತ್ತಿದ್ದೆ. ಜಮೆ ಮುಗಿಯಿತು, ಖರ್ಚು ಮುಗಿಯಿತು, ಬಾಕಿ ಪಟ್ಟಿ ಶುರು ಮಾಡಿದೆ. ಎರಡು ಮನೆಯ ಹೆಸರು ಓದಿದೆ. ಮೂರನೆಯದಕ್ಕೆ ಬಾಯಿ ತೆರೆದೆ, ಕರೆಂಟ್ ಹೋಯಿತು. ಪರದೆ ಕಪ್ಪಾಯಿತು.

ಯಂತ್ರ ಆರಿರಲಿಲ್ಲ. ಒಳಗಿನ ಫ್ಯಾನ್ ಗುಂಯ್ ಎನ್ನುತ್ತಲೇ ಇತ್ತು. ಪರದೆಯಲ್ಲಿ ನನ್ನ ಮುಖ ಕಾಣುತ್ತಿತ್ತು, ನನ್ನ ಬೆನ್ನ ಹಿಂದಿನ ತೆಂಗಿನ ಮರ ಕಾಣುತ್ತಿತ್ತು, ಇಣುಕುತ್ತಿದ್ದ ನಾಲ್ಕು ತಲೆಗಳು ಕಾಣುತ್ತಿದ್ದವು. ಲೆಕ್ಕ ಮಾತ್ರ ಕಾಣುತ್ತಿರಲಿಲ್ಲ. ಎಂಟರ್ ಒತ್ತಿದೆ. ಎಸ್ಕೇಪ್ ಒತ್ತಿದೆ. ಮೇಲಿನ ಸಾಲಿನ ಹನ್ನೆರಡನ್ನೂ ಒಂದೊಂದಾಗಿ ಒತ್ತಿದೆ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎಂದು ಕೇಳಿದ್ದಕ್ಕೆ 'ಅದು ಬಲ್ಬಿಗೆ ಮಾತ್ರ' ಎಂದರು. ಹಗಲು ಹನ್ನೊಂದು ಗಂಟೆಗೆ ಬಲ್ಬು ಹಾಕಿಯೂ ತೋರಿಸಿದರು, ಉರಿಯುತ್ತದೆ ಎಂದು.

ಯಾರೋ ಟಾರ್ಚ್ ಬಿಟ್ಟರು. ಹಿಂಬದಿಯ ದೀಪವೇ ಸತ್ತ ಪರದೆಗೆ ಅದು ಸರಿಯಾದ ಪರೀಕ್ಷೆಯಂತೆ. ಓರೆಯಾಗಿ ಬೆಳಕು ಬಿಟ್ಟರೆ ಅಕ್ಷರಗಳು ಮಸುಕಾಗಿ ಕಾಣುತ್ತವಂತೆ. ಅಷ್ಟು ಬಿಸಿಲಿನಲ್ಲಿ ಟಾರ್ಚಿನ ಬೆಳಕು ಬಿದ್ದದ್ದು ಎಲ್ಲಿ ಎಂದೇ ಗೊತ್ತಾಗಲಿಲ್ಲ. ಆಮೇಲೆ ಕೆಳಮನೆಯ ಹುಡುಗ ಹತ್ತಿರ ಬಂದು, ಎರಡು ಕೈಯನ್ನು ಮರೆ ಮಾಡಿ ನೋಡಿ, 'ಒಳಗೆ ಏನೋ ಕಾಣುತ್ತಿದೆ ಅಕ್ಕಾ, ಕತ್ತಲೆ ಮಾಡಿದರೆ ಓದಬಹುದು' ಎಂದ. ಒಳ್ಳೆಯ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇದೆ, ಆದರೆ ಸ್ವಲ್ಪ.

ಆಗ ಬಂತು ಕಂಬಳಿ. ತೋಟಕ್ಕೆ ಔಷಧಿ ಹೊಡೆಯುವಾಗ ಕೊಪ್ಪೆ ಹಾಕಿಕೊಂಡು ಹೋದದ್ದು, ಒದ್ದೆ, ಅದಕ್ಕೆ ಹೊಗೆಯ ವಾಸನೆ, ಮೈಲುತುತ್ತು ಸುಣ್ಣದ ವಾಸನೆ. ಮೇಲಿನಮನೆ ಭಾವನೇ ತಂದು, 'ಇದರೊಳಗೆ ಕುಳಿತು ಓದು ಮಾರಾಯ್ತಿ' ಎಂದು ನನ್ನ ತಲೆಯ ಮೇಲೆ, ಲ್ಯಾಪ್‌ಟಾಪಿನ ಮೇಲೆ, ಟೀಪಾಯಿಯ ಮೇಲೆ ಒಟ್ಟಿಗೆ ಹೊದಿಸಿದರು. ಬೇಡ ಎನ್ನಬಹುದಿತ್ತು. ಎದ್ದು ಬರಬಹುದಿತ್ತು. ನಾನು ಏನು ಮಾಡಿದೆ? ಓದಿದೆ. ಕಂಬಳಿಯೊಳಗೆ ಕುಳಿತು, ಬೆವರುತ್ತಾ, ಕನ್ನಡಕಕ್ಕೆ ಆವಿ ಹಿಡಿಯುತ್ತಾ, ಬೂದಿ ಮುಚ್ಚಿದ ಕೆಂಡದಂತಿದ್ದ ಆ ಪರದೆಗೆ ಮೂಗು ತಾಗಿಸಿ, 'ಇಪ್ಪತ್ತೊಂದು ಸಾವಿರದ ನಾಲ್ಕು ನೂರು' ಎಂದು ಕೂಗಿದೆ. ಹೊರಗಿನಿಂದ 'ಕೇಳಿಸುವುದಿಲ್ಲ, ಗಟ್ಟಿಯಾಗಿ' ಎಂದರು. ಗಟ್ಟಿಯಾಗಿ ಕೂಗಿದೆ. ಒಬ್ಬರು, 'ಫೋಟೋ ಪ್ರಿಂಟ್ ಯಾವತ್ತು ಸಿಗುತ್ತದೆ?' ಎಂದು ಕೇಳಿದರು. ಹಳೆಯ ಕಾಲದಲ್ಲಿ ಕಪ್ಪು ಬಟ್ಟೆ ಹೊದ್ದು ಮೂರು ಕಾಲಿನ ಕ್ಯಾಮೆರಾದ ಹಿಂದೆ ಬಗ್ಗುತ್ತಿದ್ದರಲ್ಲ, ಹಾಗೆ ಕಂಡಿರಬೇಕು. ಅದು ತಮಾಷೆಯೇ. ಬೇರೆಯವರು ಒಳಗಿದ್ದಿದ್ದರೆ ನಾನೂ ನಗುತ್ತಿದ್ದೆ.

ಆದರೆ ಭಾವ ಹೇಳಿದ್ದು ತಮಾಷೆಯಲ್ಲ. 'ಹಾಗಾದರೆ ನಮ್ಮ ನೀರಿನ ಲೆಕ್ಕ ಕತ್ತಲೆಯಲ್ಲೇ ನಡೆಯುತ್ತಿದೆ ಎಂದಾಯಿತು.'

ಕಂಬಳಿಯೊಳಗೆ ಮಾತು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಗೊತ್ತೇ? ಒಬ್ಬೊಬ್ಬರ ನಗು ಯಾರದೆಂದು ಗುರುತು ಹಿಡಿಯಬಹುದು. ನಮ್ಮ ಅತ್ತಿಗೆಯದು ಕೊನೆಗೆ ನಿಂತಿತು.

ಮೂರನೆಯ ಹೆಸರನ್ನು ನಾನು ಓದಲಿಲ್ಲ. ಸಭೆ ಅಲ್ಲಿಗೇ ಮುಗಿಯಿತು, ಅವಲಕ್ಕಿ ಬಂತು.

ಮನೆಗೆ ಬಂದು ಕರೆಂಟ್ ಬಂದ ಮೇಲೆ ಹಾಕಿದರೆ ಪರದೆ ಹುಣ್ಣಿಮೆಯ ಹಾಗೆ ಬೆಳಗಿತು. ರಾತ್ರಿ ಕರೆಂಟ್ ಹೋದಾಗ ನೋಡಿದರೆ ಆಗಲೂ ಚೆನ್ನಾಗಿಯೇ ಕಾಣುತ್ತಿತ್ತು. ಅಂದರೆ ನನ್ನ ಮಾನ ಕಳೆಯುವುದಕ್ಕೆ ಮಾತ್ರ ಅದು ಕಪ್ಪಾದದ್ದು. ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದರೆ, 'ಚಿಕ್ಕಮ್ಮ, ಡಿಸ್‌ಪ್ಲೇ ಹೋಗಿದೆ, ಅದನ್ನು ಬಿಸಾಡಿ. ಅದರಲ್ಲಿರುವ ವಿಂಡೋಸ್ 7ಕ್ಕೆ 2020ರ ಜನವರಿ 14ರಂದೇ ಬೆಂಬಲ ನಿಂತಿದೆ' ಎಂದ. ಸತ್ತ ದಿನ ಗೊತ್ತಿದ್ದ ಮಾತ್ರಕ್ಕೆ ತಿಥಿ ಮಾಡಬೇಕೇ? ಹಾಗಾದರೆ ವಿಂಡೋಸ್ 10 ಹಾಕಲೇ ಎಂದೆ. ಅದಕ್ಕೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಂತೆ. ಹನ್ನೊಂದು? ಅದಕ್ಕೆ ಬೇಕಾದ ಚಿಪ್ಪೇ ನಮ್ಮದರಲ್ಲಿ ಇಲ್ಲವಂತೆ. ಇಷ್ಟು ಹೇಳಿದವನು ಪರದೆ ಕಪ್ಪಾದದ್ದು ಏಕೆ ಎಂಬುದನ್ನು ಮಾತ್ರ ಹೇಳಲಿಲ್ಲ.

ನಾನೇ ಹುಡುಕಿದೆ. ಬ್ಯಾಟರಿ ತೆಗೆದು, ಚಾರ್ಜರ್ ಕಿತ್ತು, ಪವರ್ ಬಟನ್ನನ್ನು ಮೂವತ್ತು ಸೆಕೆಂಡು ಒತ್ತಿ ಹಿಡಿದೆ. ಡಿಸ್‌ಪ್ಲೇ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಬ್ಯಾಟರಿಯಲ್ಲಿದ್ದಾಗ ಎರಡು ನಿಮಿಷ ಕೈಯಾಡಿಸದಿದ್ದರೆ ಪರದೆ ಮಂಕಾಗುತ್ತದೆ, ಚಾರ್ಜರಿನಲ್ಲಿದ್ದರೆ ಐದು ನಿಮಿಷಕ್ಕೆ ಎಂದು ಎಲ್ಲೋ ಓದಿ, ಅದೇ ಕಳ್ಳ ಎಂದು ಅದನ್ನೂ ನಿಲ್ಲಿಸಿದೆ. ಪ್ರತಿಯೊಂದು ಮಾಡಿದ ಮೇಲೂ ಚಾರ್ಜರ್ ಹಾಕಿಯೇ ಪರೀಕ್ಷಿಸಿದೆ. ಪ್ರತಿ ಸಲವೂ ಸರಿಯಾಗಿಯೇ ಇತ್ತು. ಕರೆಂಟ್ ಇದ್ದಾಗ ಕಾಯಿಲೆ ಇಲ್ಲ. ಹಗಲಲ್ಲಿ ಕರೆಂಟ್ ಹೋದಾಗ ಕಾಯಿಲೆ ಇದೆ, ಆದರೆ ನೋಡಲು ಪರದೆ ಇಲ್ಲ. ಯಾವ ವೈದ್ಯನಿಗೆ ತೋರಿಸುವುದು?

ಮಂಗಳವಾರ ಬೆಳಿಗ್ಗೆ ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಸ್ ಹತ್ತಿದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್, ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು. ದುರ್ಗಿಗುಡಿಯ ಒಂದು ಓಣಿಯ ಅಂಗಡಿ. ಹುಡುಗ ಚಾರ್ಜರ್ ಹಾಕಿದ. ಬೆಳಗಿತು. 'ಚೆನ್ನಾಗಿಯೇ ಇದೆಯಲ್ಲ ಆಂಟಿ.' ನನ್ನ ಹಿಂದೆ ನಿಂತಿದ್ದವರು ಮುಂದೆ ಸರಿದರು. ಇಲ್ಲಪ್ಪ, ವೈರು ಕೀಳು ಎಂದೆ. ಕಿತ್ತ. ಬೀದಿಯ ಬೆಳಕಿಗೆ ಕಪ್ಪಾಯಿತು. ಜನ್ಮದಲ್ಲಿ ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಅವನು ಪವರ್ ಆಪ್ಷನ್ಸ್ ತೆರೆದ. ಅದರಲ್ಲಿ ಎರಡು ಸಾಲು ಪಕ್ಕಪಕ್ಕ: ಬ್ಯಾಟರಿಯಲ್ಲಿದ್ದಾಗ, ಚಾರ್ಜರ್ ಹಾಕಿದಾಗ. ಕೆಳಗೆ ಪರದೆಯ ಬೆಳಕು ಏರಿಸಿ ಇಳಿಸುವ ಗೆರೆಯೂ ಎರಡು. ಚಾರ್ಜರಿನದು ಬಲತುದಿಯಲ್ಲಿತ್ತು. ಬ್ಯಾಟರಿಯದು ಎಡತುದಿಯಲ್ಲಿ, ಪೂರ್ತಿ ಎಡತುದಿಯಲ್ಲಿ, ಅಂದರೆ ಹಗಲಲ್ಲಿ ಇದ್ದೂ ಇಲ್ಲದಂಥ ಬೆಳಕು. ಅದನ್ನು ಎಳೆದ. ಮುಗಿಯಿತು. ಹತ್ತು ಸೆಕೆಂಡೂ ಆಗಿರಲಿಲ್ಲ. ಕನಿಕರಪಟ್ಟು ಬ್ಯಾಟರಿಯನ್ನೂ ನೋಡಿದ. ಕಪ್ಪು ಕಿಟಕಿಯಲ್ಲಿ ಏನೋ ಬರೆದು ಅರವತ್ತು ಸೆಕೆಂಡು ಕಾದ ಮೇಲೆ ವರದಿ ಬಂತು: ಹೊಸದಾಗಿದ್ದಾಗ 47,520 ಮಿಲಿವ್ಯಾಟ್-ಗಂಟೆ ಹಿಡಿಯುತ್ತಿತ್ತು, ಈಗ ಒಂಬತ್ತು ಸಾವಿರ ಚಿಲ್ಲರೆ. 'ಕೀಬೋರ್ಡಿನಲ್ಲೇ ಬೆಳಕು ಏರಿಸಬಹುದಲ್ಲ ಆಂಟಿ, ಎಫ್‌ಎನ್ ಒತ್ತಿ' ಎಂದ. ಆ ಕೀಲಿ ಸತ್ತಿದೆ, ಹೊರಗಿನ ಕೀಬೋರ್ಡಿನಲ್ಲಿ ಅದು ಇಲ್ಲ ಎಂದೆ. 'ಹಾಗಾದರೆ ವಿಂಡೋಸ್ ಕೀಲಿ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಒಂದು ಚೌಕ ಬರುತ್ತದೆ, ಅದರಲ್ಲೂ ಬೆಳಕಿನ ಗೆರೆ ಇದೆ.' ಎರಡು ಕೀಲಿ! ಕಂಬಳಿಯೊಳಗೆ ನನ್ನ ಹತ್ತು ಬೆರಳೂ ಖಾಲಿ ಇದ್ದವು!

ಎಷ್ಟಾಯಿತು ಎಂದರೆ, 'ಇದಕ್ಕೆಲ್ಲ ದುಡ್ಡು ಬೇಡ ಬಿಡಿ' ಎಂದ. ಮುನ್ನೂರು ತೆಗೆದುಕೊಂಡಿದ್ದರೆ ಊರಿಗೆ ಬಂದು 'ರಿಪೇರಿ ಮಾಡಿಸಿದೆ' ಎನ್ನಬಹುದಿತ್ತು. ದುಡ್ಡು ತೆಗೆದುಕೊಳ್ಳದೆ ಅವನು ನನ್ನನ್ನು ಪೂರ್ತಿ ಮುಗಿಸಿದ.

ಈಗ ಕೇಳುತ್ತೇನೆ, ಬಲ್ಲವರು ಯಾರಾದರೂ ಉತ್ತರ ಹೇಳಿ. ಒಂದೇ ಪರದೆಗೆ ಎರಡು ಬೆಳಕು ಏಕೆ? ಇಟ್ಟದ್ದು ಸರಿ, ಬ್ಯಾಟರಿಯನ್ನು ತಿನ್ನುವುದರಲ್ಲಿ ಪರದೆಯ ಬೆಳಕೇ ಮುಂದು ಎಂದು ನನಗೂ ಅರ್ಥವಾಗುತ್ತದೆ. ಆದರೆ ಒಂದು ಮಾತು ಹೇಳಬಾರದೇ? 'ಅಮ್ಮಾ, ಕರೆಂಟ್ ಹೋದರೆ ನಾನು ಬೇರೆ ಬೆಳಕಿಗೆ ಹೋಗುತ್ತೇನೆ' ಎಂದು? ಬ್ಯಾಟರಿ ಮುಗಿಯುತ್ತಿದೆ ಎಂದು ಹತ್ತು ಸಲ ಬಡಿದುಕೊಳ್ಳುವ ಯಂತ್ರಕ್ಕೆ ಇದನ್ನು ಹೇಳಲು ಬಾಯಿ ಇಲ್ಲವೇ? ಆ ಗೆರೆಯನ್ನು ಎಡತುದಿಗೆ ಎಳೆದವರು ಯಾರು? ಅಕ್ಕನ ಮಗ ದೀಪಾವಳಿಗೆ ಬಂದಾಗ ಮುಟ್ಟಿದ್ದನೇ? ಅವನನ್ನು ಬಯ್ಯಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸುತ್ತಾ ಬಂದೆ. ಗಾಜನೂರು ದಾಟಿತು, ಸಕ್ರೆಬೈಲು ದಾಟಿತು. ಮಂಡಗದ್ದೆಯ ಹತ್ತಿರ ನೆನಪಾಯಿತು.

ಹೋದ ವರ್ಷದ ಪುನರ್ವಸು ಮಳೆ. ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಎರಡನೆಯ ರಾತ್ರಿ, ಇದೇ ನೀರಿನ ಲೆಕ್ಕ ಬರೆದು ಮುಗಿಸಬೇಕೆಂದು, ಬ್ಯಾಟರಿ ಉಳಿಯಲಿ ಎಂದು ಗೆರೆಯನ್ನು ಎಳೆದೆ. ಆ ಕತ್ತಲೆಗೆ ಅಷ್ಟೇ ಬೆಳಕು ಸಾಕಿತ್ತು. ಎಳೆದವಳು ನಾನು. ಸಂಘದ ಲೆಕ್ಕಕ್ಕಾಗಿ ಎಳೆದವಳು. ಆಮೇಲೆ ವರ್ಷವಿಡೀ ಹಗಲಲ್ಲಿ ಬ್ಯಾಟರಿಯ ಮೇಲೆ ತೆರೆಯಲೇ ಇಲ್ಲ. ಅಂದರೆ ಆ ಕಂಬಳಿಯನ್ನು ಒಂದು ವರ್ಷ ಮೊದಲೇ ನಾನೇ ನೇಯ್ದು ಇಟ್ಟಿದ್ದೆ.

ಇರಲಿ ಬಿಡಿ, ನನ್ನದೇ ತಪ್ಪು. ಆದರೆ ಕತ್ತಲೆಯ ಲೆಕ್ಕ ಎನ್ನಿಸಿಕೊಳ್ಳುವಷ್ಟು ತಪ್ಪಲ್ಲ! ಮೂರನೆಯ ಹೆಸರು ಯಾರದೆಂದು ಹೇಳಿಬಿಡಲೇ? ಎರಡು ವರ್ಷದ್ದು ಸೇರಿ 2,640 ರೂಪಾಯಿ ಯಾರ ಕಡೆಯಿಂದ ಬರಬೇಕು ಎಂದು? ಕರೆಂಟ್ ಹೋದ ಕೂಡಲೇ ಅಷ್ಟು ಚುರುಕಾಗಿ ಒಳಗೆ ಓಡಿ ಕಂಬಳಿ ತಂದವರು ಯಾರು ಎಂದು ಮೊದಲೇ ಬರೆದಿದ್ದೇನೆ, ಮತ್ತೆ ಬರೆಯುವುದಿಲ್ಲ. ಬರೆದು ತಾನೇ ಏನು? ಅಬ್ಬಿಯಿಂದ ಬರುವ ಪೈಪ್ ಮೊದಲು ಹಾಯುವುದು ಅವರ ತೋಟದಲ್ಲಿ. ವಾಲ್ವ್ ಇರುವುದು ಅವರ ಬಚ್ಚಲ ಹಿಂದೆ. ಕಳೆದ ಬೇಸಿಗೆಯಲ್ಲಿ ಮಾತಿಗೆ ಮಾತು ಬೆಳೆದ ವಾರ ನಮ್ಮ ನಲ್ಲಿಯಲ್ಲಿ ನೀರು ಎಷ್ಟು ಸಣ್ಣಗೆ ಬಂತೆಂದು ನನಗೆ ಮರೆತಿಲ್ಲ.

ಹಾಗಾಗಿ ನಾನು ಏನೂ ಹೇಳುವುದಿಲ್ಲ. ಹೇಳಿಯೇ ಹೇಳುತ್ತೇನೆ, ಮುಂದಿನ ಸಭೆಯಲ್ಲಿ, ಪುಸ್ತಕ ಹಿಡಿದುಕೊಂಡು, ಬೂಸಲು ಒರೆಸಿಕೊಂಡು.

ಅವಸರದಲ್ಲಿ ಲ್ಯಾಪ್‌ಟಾಪಿನ ಜೊತೆ ಕಂಬಳಿಯನ್ನೂ ಸುತ್ತಿಕೊಂಡು ಬಂದಿದ್ದೇನೆ. ನಮ್ಮ ಜಗಲಿಯ ಗಳದ ಮೇಲೆ ನೇತಾಡುತ್ತಿದೆ, ಈ ಹವೆಗೆ ಒಣಗುತ್ತಲೂ ಇಲ್ಲ. ಒಣಗಿದ ದಿನ ಹಿಂದಿರುಗಿಸಲು ಮೇಲಿನಮನೆಗೆ ಹೋಗಲೇಬೇಕು. ಆಗ ರಸೀದಿ ಪುಸ್ತಕವನ್ನೂ ಮಡಿಲಲ್ಲಿ ಇಟ್ಟುಕೊಂಡು ಹೋಗುವುದೋ, ಬೇಡವೋ?