ತಾಳಮದ್ದಲೆಗೆ ವೇಳಾಪಟ್ಟಿ ಸಾಲದು
ದುಡಿಮೆಯ ನಡುವೆ ಹವ್ಯಾಸ ಉಳಿಸಿಕೊಳ್ಳುವ ಬಗೆಗಿನ ಲೇಖನವೊಂದನ್ನು ಓದಿದೆ. ದಿನಕ್ಕೊಂದು ಗಂಟೆ ಹವ್ಯಾಸಕ್ಕೆ ಮೀಸಲಿಟ್ಟರೆ ಸಾಕೆಂಬ ಅದರ ಲೇಖಕರ ಸಲಹೆ ಒಬ್ಬರೇ ಕುಳಿತು ಮಾಡುವ ಚಿತ್ರಕಲೆಗೋ ಬರವಣಿಗೆಗೋ ಹೊಂದೀತು. ಆದರೆ ನಮ್ಮ ಶಿರಸಿ, ಸಿದ್ದಾಪುರಗಳ ಕಡೆ ಬ್ಯಾಂಕು, ಶಾಲೆಗಳಲ್ಲಿ ದುಡಿಯುವ ಎಷ್ಟೋ ಮಂದಿ ಹಚ್ಚಿಕೊಂಡಿರುವ, ಕುಣಿತವಿಲ್ಲದೆ ಕುಳಿತೇ ಹಾಡು-ಮಾತುಗಳಲ್ಲಿ ಯಕ್ಷಗಾನದ ಕಥೆ ನಡೆಸುವ ತಾಳಮದ್ದಲೆಗೆ ಆ ಲೆಕ್ಕ ಒಗ್ಗುವುದಿಲ್ಲ. ಯಕ್ಷಗಾನ ಮೇಳಗಳ ತಿರುಗಾಟ ನಿಂತು ಮಳೆ ಹಿಡಿದ ಮೇಲೆ, ವೇಷಭೂಷಣ, ರಂಗಸ್ಥಳಗಳ ಗೊಡವೆಯಿಲ್ಲದೆ, ಪದ್ಯ ಹಾಡುವ ಒಬ್ಬ ಭಾಗವತರು, ಮದ್ದಲೆ-ಚಂಡೆಯವರು ಮತ್ತು ಪಾತ್ರಗಳಾಗಿ ಮಾತನಾಡುವ ನಾಲ್ಕೈದು ಅರ್ಥಧಾರಿಗಳು ಸೇರಿದರೆ ಯಾರ ಮನೆಯ ಜಗಲಿಯಲ್ಲಾದರೂ ಕೂಟ ನಡೆಯುತ್ತದೆ. ಪದ್ಯ ಮೊದಲೇ ಗೊತ್ತಿದ್ದರೂ ಮಾತು ಅಲ್ಲಿಯೇ ಹುಟ್ಟಬೇಕಾದ್ದರಿಂದ, ಎದುರು ಕೂತವರ ವಾದಕ್ಕೆ ಉತ್ತರ ಹೊಸೆಯುವ ಸಿದ್ಧತೆ ಕಚೇರಿಗೆ ಹೋಗುವ ಬಸ್ಸಿನಲ್ಲಿಯೂ ಸಾಗುತ್ತದೆ (ಪಕ್ಕದ ಸೀಟಿನವರು ಗಾಬರಿಯಾಗದಿದ್ದರೆ ಸಾಕು). ಆದರೆ ಶನಿವಾರ ರಾತ್ರಿ ಭಾಗವತರೇ ಬಾರದಿದ್ದರೆ ಈ ಸಿದ್ಧತೆಯೆಲ್ಲ ಹಾಗೆಯೇ ಉಳಿಯುತ್ತದೆ. ಜೊತೆಗಾರರನ್ನು ಒಟ್ಟುಗೂಡಿಸುವ ಈ ಕಷ್ಟದ ಬಗ್ಗೆ ಲೇಖನದಲ್ಲಿ ಒಂದು ಸಾಲಾದರೂ ಇರಬೇಕಿತ್ತು.