ಸ್ವೆಟರ್ ಹಾಕಿಕೊಂಡು ಭೂಮಿಯ ಜ್ವರ ಇಳಿಸಿದ್ದು

ನಮ್ಮ ವಿಶ್ವವಿದ್ಯಾಲಯ ಇಂಗಾಲ ಕಡಿಮೆ ಮಾಡಲು ಹೊರಟ ದಿನ ನಾನು ಮನೆಯಿಂದ ಸ್ವೆಟರ್ ತಂದಿದ್ದೆ. ಸಮಿತಿಯ ಸಭೆ ಇದ್ದದ್ದು ಸೆಮಿನಾರ್ ಹಾಲ್‌ನಲ್ಲಿ. ಅಲ್ಲಿನ ಎಸಿ 18 ಡಿಗ್ರಿಗೆ ನಿಂತು ತಿಂಗಳುಗಳೇ ಆಗಿವೆ. ರಿಮೋಟ್ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಹೊರಗೆ ಸುಡು ಬಿಸಿಲು. ಒಳಗೆ ಹನ್ನೆರಡು ಮಂದಿ ಪ್ರೊಫೆಸರುಗಳು ಕೈ ಉಜ್ಜಿಕೊಳ್ಳುತ್ತಾ, ಭೂಮಿ ಬಿಸಿಯಾಗುತ್ತಿದೆ ಎಂದು ಮರುಗುತ್ತಿದ್ದರು.

ಮೊದಲು ಲೆಕ್ಕ ಆಗಬೇಕಲ್ಲ. ಈ ಲೆಕ್ಕದಲ್ಲಿ ಮೂರು ಖಾತೆಗಳಿವೆ: ಸ್ಕೋಪ್ 1, 2, 3. ನಾವೇ ಸುಡುವ ಡೀಸೆಲ್, ಅಡುಗೆ ಗ್ಯಾಸ್ ಮೊದಲನೆಯದು. ಕೊಂಡು ತಂದ ಕರೆಂಟು ಎರಡನೆಯದು. ಮಿಕ್ಕಿದ್ದೆಲ್ಲ ಮೂರನೆಯದು: ವಿಮಾನ ಪ್ರಯಾಣ, ದಿನಾ ಬಂದುಹೋಗುವವರ ಗಾಡಿಗಳು, ಕಾಗದ, ಕಂಪ್ಯೂಟರ್, ಗುತ್ತಿಗೆದಾರರ ಹೊಗೆ. 2001ರಲ್ಲಿ ಬಂದ ಜಿಎಚ್‌ಜಿ ಪ್ರೋಟೋಕಾಲ್, ಅಂದರೆ ಹಸಿರುಮನೆ ಅನಿಲಗಳ ಲೆಕ್ಕ ಇಡುವ ಅಂತಾರಾಷ್ಟ್ರೀಯ ನಿಯಮಾವಳಿಯ ಪ್ರಕಾರ ಮೊದಲೆರಡನ್ನು ಹೇಳಲೇಬೇಕು. ಮೂರನೆಯದು ನಿಮ್ಮಿಷ್ಟ.

'ನಿಮ್ಮಿಷ್ಟ' ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಹಣಕಾಸು ಅಧಿಕಾರಿಗಳ ಮುಖ ಅರಳಿತು.

ಮರುತಿಂಗಳು ಬಸ್ಸುಗಳು ಗುತ್ತಿಗೆಗೆ ಹೋದವು. ಅದೇ ಬಸ್ಸು, ಅದೇ ಡ್ರೈವರ್, ಹಿಂದೆ ಸೈಕಲ್‌ನಲ್ಲಿ ಬರುವವನ ಮುಖಕ್ಕೆ ಅದೇ ಕರಿ ಹೊಗೆ. ಬಾಗಿಲ ಮೇಲಿನ ಹೆಸರು ಮಾತ್ರ ಬೇರೆ. 1 ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಗುತ್ತಿಗೆದಾರ ಸುಟ್ಟರೂ ಅಷ್ಟೇ. ಆದರೆ ಈಗ ಅದು ಮೂರನೇ ಖಾತೆ, ನಮ್ಮಿಷ್ಟ. ಹಾಸ್ಟೆಲ್ ಅಡುಗೆಮನೆಯೂ ಹಾಗೇ ಹೋಯಿತು. ವರದಿಯಲ್ಲಿ ಗೆರೆ ಸರ್ರಂತ ಕೆಳಗಿಳಿಯಿತು. ಬೆಕ್ಕು ಕಣ್ಮುಚ್ಚಿ ಹಾಲು ಕುಡಿಯುತ್ತದೆ ಅಂತಾರಲ್ಲ, ನಾವು ಕುಡಿಯುವುದನ್ನೇ ಗುತ್ತಿಗೆ ಕೊಟ್ಟೆವು.

ಆದರೂ ಒಂದು ಕಡೆ ಸಿಕ್ಕಿಬಿದ್ದೆವು. ಎಸಿ ರಿಪೇರಿಯವನು ಪ್ರತಿ ವರ್ಷ ಏಣಿ ಹತ್ತಿ, "ಗ್ಯಾಸ್ ಹೋಗಿದೆ ಸಾರ್" ಎಂದು ತುಂಬಿ ಹೋಗುತ್ತಾನೆ. ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಿರಲಿಲ್ಲ. ಗಾಳಿಗೆ ಹೋಗಿರುತ್ತದೆ, ಮತ್ತೆಲ್ಲಿಗೆ? ಎಸಿಯಲ್ಲಿ ತಂಪಿಗಾಗಿ ತುಂಬುವ ಆರ್-410ಎ ಅನಿಲ 1 ಕೆಜಿ ಸೋರಿದರೆ 2 ಟನ್‌ಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಸೋರಿದ್ದು ನಮ್ಮದೇ ಎಸಿಯಿಂದ. ಅಂದರೆ ಸ್ಕೋಪ್ 1.

"ಅದಕ್ಕೇನಂತೆ, ಸಸಿ ನೆಡೋಣ" ಎಂದರು ಅಧ್ಯಕ್ಷರು.

ಬೆಳೆದು ನಿಂತ ಮರ ವರ್ಷಕ್ಕೆ ಹೀರುವುದು ಅಂದಾಜು 20 ಕೆಜಿ ಇಂಗಾಲದ ಡೈಆಕ್ಸೈಡ್. ಆ 1 ಕೆಜಿ ಗ್ಯಾಸಿಗೇ ನೂರು ಮರ ಇಡೀ ವರ್ಷ ದುಡಿಯಬೇಕು. ನಾವು ನೆಟ್ಟದ್ದು ಒಂದು ಸಸಿ, ಅದೂ ಹಳೇ ಗುಂಡಿಯಲ್ಲೇ. ಕಳೆದ ವರ್ಷದ ಫೋಟೊ, ಅದರ ಹಿಂದಿನ ವರ್ಷದ ಫೋಟೊ ನೋಡಿ, ಹಿಂದೆ ಅದೇ ಕಾಂಪೌಂಡ್, ಅದೇ ಕೊಳಾಯಿ. ಸಸಿ ಒಣಗಿದ ಮೇಲೆ ಮಾಲಿ ಕಿತ್ತುಹಾಕಿ, ಗುಂಡಿ ಕೆರೆದು, ನೀಟಾಗಿ ಇಟ್ಟಿರುತ್ತಾನೆ. ಈ ಸಲ ಗುದ್ದಲಿ ಹಿಡಿಯಲು ಏಳು ಕೈ ಬಂದವು, ನೀರು ಹಾಕಲು ಒಂದೂ ಬರಲಿಲ್ಲ. ಪಾಪ, ಆ ಸಸಿಗೂ ತನ್ನ ಹಣೆಬರಹ ಗೊತ್ತಿದ್ದಂತೆ ಎಲೆ ಜೋತುಬಿಟ್ಟಿತ್ತು.

ಸೋಲಾರ್ ಫಲಕದ ಮಾತೂ ಬಂತು. ಅದು ಉಪಸಮಿತಿಗೆ ಹೋಯಿತು. ಅಲ್ಲಿಗೆ ಅದರ ಕಥೆ ಮುಗಿಯಿತು.

ಸಭೆ ಮುಗಿಯುವ ಹೊತ್ತಿಗೆ ರಿಮೋಟ್ ಪತ್ತೆಯಾಯಿತು. ವಿದ್ಯುತ್ ಉಳಿತಾಯದ ಜವಾಬ್ದಾರಿ ಹೊತ್ತ ಅಧಿಕಾರಿಯ ಡ್ರಾಯರ್‌ನಲ್ಲಿದೆಯಂತೆ. ಯಾರೂ ದುರುಪಯೋಗ ಮಾಡಬಾರದೆಂದು ಬೀಗ ಹಾಕಿದ್ದಾರಂತೆ. ಬೀಗದ ಕೈ ಅವರ ಜೇಬಿನಲ್ಲಿದೆ. ಅವರು ಹೊರದೇಶದಲ್ಲಿದ್ದಾರೆ, ವಿದ್ಯುತ್ ಉಳಿಸುವುದು ಹೇಗೆಂದು ನೋಡಿ ಬರಲು ವಿಮಾನ ಹತ್ತಿದ್ದಾರೆ. ಸ್ಕೋಪ್ 3.

ಫೋಟೊಗೆಂದು ಕರೆಸಿದ್ದ ಮಾಲಿ ಬಾಗಿಲಲ್ಲೇ ನಿಂತಿದ್ದ. ನಡುಗುತ್ತಾ ಕೇಳಿದ: "ಸಾರ್, ಗೋಡೆ ಮೇಲಿರೋ ಸ್ವಿಚ್ ಆಫ್ ಮಾಡಿದ್ರೆ ಆಗಲ್ವಾ?"

ಎಲ್ಲರೂ ಅವನತ್ತ ತಿರುಗಿದರು. ಅಧ್ಯಕ್ಷರು ಸ್ವೆಟರ್ ಗುಂಡಿ ಹಾಕಿಕೊಳ್ಳುತ್ತಾ ಹೇಳಿದರು, "ಅದನ್ನ ಒಂದು ಅರ್ಜಿ ಬರೆದುಕೊಡಪ್ಪ. ಮುಂದಿನ ಸಭೇಲಿ ನೋಡೋಣ."